‘ಕಂಟೆಂಪ್ಟ್ ಹಾಕ್ತೀನಿ’ ಅನ್ನುವ ಮೊದಲು

ಕೌಟುಂಬಿಕ ನ್ಯಾಯಾಲಯದ ಕಾರಿಡಾರಿನಲ್ಲಿ ಅರ್ಧ ಗಂಟೆ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ದುಡ್ಡು ಕೊಡಲ್ವಾ? ಕಂಟೆಂಪ್ಟ್ ಹಾಕ್ತೀನಿ, ಒಳಗೆ ಹೋಗ್ಲಿ.’ ಹೀಗಂದು ಸೀದಾ ಹೈಕೋರ್ಟಿಗೆ ಓಡಿ, ತಿಂಗಳುಗಟ್ಟಲೆ ಅಲೆದು, ಬರಿಗೈಯಲ್ಲಿ ಅದೇ ಕಾರಿಡಾರಿಗೆ ವಾಪಸಾದವರನ್ನು ವಕೀಲಿಕೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರ ಕೇಸು ಸುಳ್ಳಾಗಿರಲಿಲ್ಲ. ಹೋದ ಬಾಗಿಲು ತಪ್ಪಾಗಿತ್ತು, ಇಲ್ಲವೇ ಕೈಯಲ್ಲಿ ದಾಖಲೆ ಇರಲಿಲ್ಲ.

ಕಂಟೆಂಪ್ಟ್ ಅಂದರೆ ನ್ಯಾಯಾಂಗ ನಿಂದನೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ನಮಗೆ ಬೇಕಾದದ್ದು ಸಿವಿಲ್ ನಿಂದನೆ. ಅಂದರೆ ಕೋರ್ಟಿನ ಆದೇಶವನ್ನು ಬೇಕಂತಲೇ ಮೀರುವುದು, ಅಥವಾ ಕೋರ್ಟಿಗೆ ಬರೆದುಕೊಟ್ಟ ಮುಚ್ಚಳಿಕೆಯನ್ನು ಬೇಕಂತಲೇ ಮುರಿಯುವುದು. ‘ಬೇಕಂತಲೇ’ ಅನ್ನುವ ಆ ಒಂದು ಪದದ ಮೇಲೆ ಇಡೀ ಕೇಸು ನಿಲ್ಲುತ್ತದೆ.

ಮೊದಲು ಆದೇಶದ ಸರ್ಟಿಫೈಡ್ ಕಾಪಿ ತೆಗೆಸಿ. ಮೊಬೈಲಿನಲ್ಲಿ ಇಳಿಸಿಕೊಂಡ ಪ್ರತಿ ಓದಲಿಕ್ಕೆ ಮಾತ್ರ. ಇನ್ನೊಂದು ಕಡೆಯವರು ಮೇಲ್ಮನವಿ ಹಾಕಿ ತಡೆಯಾಜ್ಞೆ ತಂದಿದ್ದಾರಾ ಅಂತಲೂ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಿಬಿಡಿ. ತಡೆ ಇದ್ದರೆ ಮುಂದಿನದೆಲ್ಲ ಸುಮ್ನೆ.

ಆಮೇಲೆ ಪೆನ್ಸಿಲ್ ಹಿಡಿದು ಆದೇಶ ಓದಿ. ಜೀವನಾಂಶವಾದರೆ ಎಷ್ಟು, ಯಾವ ದಿನಾಂಕದಿಂದ, ಪ್ರತಿ ತಿಂಗಳು ಎಷ್ಟನೇ ತಾರೀಖಿನೊಳಗೆ, ಯಾವ ಖಾತೆಗೆ? ಮಗುವಿನ ಭೇಟಿಯಾದರೆ ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟಕ್ಕೆ, ಎಲ್ಲಿ, ಕರೆದುಕೊಂಡು ಬರುವವರು ಯಾರು? ಉತ್ತರ ಇಲ್ಲದ ಕಡೆ ಗುರುತು ಹಾಕಿ. ನನ್ನಲ್ಲಿಗೆ ಬಂದ ಒಬ್ಬ ತಂದೆಯ ಆದೇಶದಲ್ಲಿ ‘ತಿಂಗಳಿಗೆ ಎರಡು ಬಾರಿ, ಉಭಯತರಿಗೂ ಅನುಕೂಲವಾದ ಸಮಯದಲ್ಲಿ’ ಅಂತಿತ್ತು. ‘ನನಗೆ ಅನುಕೂಲ ಆಗಲಿಲ್ಲ’ ಅಂತ ತಾಯಿ ಒಂದೇ ಸಾಲಿನ ಉತ್ತರ ಕೊಟ್ಟರು. ಮುಗೀತಲ್ವಾ? ಇಂಥ ಆದೇಶ ಇಟ್ಟುಕೊಂಡು ಕಂಟೆಂಪ್ಟ್ ಹಾಕಬೇಡಿ. ಅದೇ ಕೋರ್ಟಿನಲ್ಲಿ ಒಂದು ಅರ್ಜಿ ಕೊಟ್ಟು, ‘ಎರಡನೇ ಮತ್ತು ನಾಲ್ಕನೇ ಶನಿವಾರ, ಬೆಳಿಗ್ಗೆ 11ರಿಂದ ಸಂಜೆ 4’ ಅಂತ ಬರೆಸಿಕೊಳ್ಳಿ. ಇದಕ್ಕೆ ಹೋಗುವ ಸಮಯ ದಂಡವಲ್ಲ.

ಈಗ ಬಾಗಿಲು ಆರಿಸುವ ಮಾತು. ದುಡ್ಡು ಬಾಕಿಯಾಗಿದ್ದರೆ ಮೊದಲ ದಾರಿ ಕಂಟೆಂಪ್ಟ್ ಅಲ್ಲ, ಅಮಲ್ಜಾರಿ, ಅಂದರೆ ಆದೇಶವನ್ನು ಕೋರ್ಟಿನ ಮೂಲಕವೇ ಜಾರಿ ಮಾಡಿಸುವುದು. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಂ, ಅಂದರೆ 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144ರ ಅಡಿ ಬಂದ ಆದೇಶವಾದರೆ, ಅದೇ ನ್ಯಾಯಾಲಯ ಬಾಕಿ ವಸೂಲಿಗೆ ವಾರಂಟ್ ಹೊರಡಿಸಬಹುದು. ಆಮೇಲೂ ಬಾಕಿ ಉಳಿದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರಿತು ಅಂತಲ್ಲ. ವಾರಂಟ್ ಕೇಳುವ ಅರ್ಜಿ ಮಾತ್ರ ಬಾಕಿಯಾದ ಒಂದು ವರ್ಷದೊಳಗೆ ಬೀಳಬೇಕು. ಅರ್ಜಿ ನಡೆಯುತ್ತಿರುವಾಗಲೇ ಏರುವ ಬಾಕಿಯನ್ನು ಅದಕ್ಕೇ ಸೇರಿಸಬಹುದು ಅಂತ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಿಂದೂ ವಿವಾಹ ಕಾಯ್ದೆಯ ಅಡಿಯ ಜೀವನಾಂಶವಾದರೆ 28ಎ ಕಲಂ ಹಿಡಿದು ಸಿವಿಲ್ ಡಿಕ್ರಿಯ ಹಾಗೆಯೇ ಅಮಲ್ಜಾರಿ. ಸಂಬಳದಾರರಾದರೆ ಸಂಬಳ ಜಪ್ತಿಗೇ ಕೇಳಿ. ಜೀವನಾಂಶದ ಡಿಕ್ರಿಯಲ್ಲಿ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ಜಪ್ತಿಯಿಂದ ರಕ್ಷಣೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮಾಲೀಕರೇ ಸಂಬಳದಿಂದ ಹಿಡಿದು ಕೊಡುವಂತೆ ಆದೇಶ ಪಡೆಯಬಹುದು. ಅದೇ ಕಾಯ್ದೆಯ ರಕ್ಷಣಾ ಆದೇಶ ಮೀರುವುದಂತೂ ಅಪರಾಧವೇ. ಅದಕ್ಕೆ ಪೊಲೀಸ್ ಠಾಣೆಗೆ ಹೋಗಿ, ಹೈಕೋರ್ಟಿಗಲ್ಲ.

ಕಂಟೆಂಪ್ಟಿಗೆ ನಿಜವಾಗಿ ಬಲ ಬರುವುದು ಮಗುವನ್ನು ತೋರಿಸದಿದ್ದಾಗ, ಮುಚ್ಚಳಿಕೆ ಮುರಿದಾಗ, ಕೈಯಲ್ಲಿ ಹಣ ಇದ್ದೂ ಹಠಕ್ಕೆ ಕೊಡದಿದ್ದಾಗ. ಜನ ಎಡವುವುದೂ ಇಲ್ಲೇ, ದಾಖಲೆ ಮಾಡುವುದರಲ್ಲಿ.

ಇನ್ನೂರು ಪುಟದ ಒಂದು ರೂಲ್ ನೋಟ್‌ಬುಕ್ ತನ್ನಿ. ಫೋನಿನ ನೋಟ್ಸ್ ಬೇಡ, ಫೋನು ಕೆಡುತ್ತದೆ, ಕಳೆಯುತ್ತದೆ. ಭೇಟಿಯ ದಿನ ಆದೇಶದಲ್ಲಿರುವ ಜಾಗಕ್ಕೆ ಹತ್ತು ನಿಮಿಷ ಮುಂಚೆ ಹೋಗಿ. ‘ಬರಲ್ಲ ಅಂತ ಗೊತ್ತಿತ್ತು, ಅದಕ್ಕೇ ಹೋಗಲಿಲ್ಲ’ ಅಂದರೆ ಆ ದಿನ ನಿಮ್ಮ ಲೆಕ್ಕದಿಂದ ಹೋಯಿತು. ಅಲ್ಲಿಂದಲೇ ಒಂದು ಸಂದೇಶ ಕಳಿಸಿ: ‘ಆದೇಶದಂತೆ 11ಕ್ಕೆ ಬಂದಿದ್ದೇನೆ, ಮಗುವನ್ನು ಕರೆದುಕೊಂಡು ಬನ್ನಿ.’ ಇಷ್ಟೇ. ‘ನಿಮ್ಮಮ್ಮನ ಮಾತು ಕೇಳಿ ಹಾಳಾಗಿದೀಯ’ ಅನ್ನುವ ಎರಡನೇ ಸಾಲು ಬೇಡ, ಹೈಕೋರ್ಟಿನಲ್ಲಿ ಎದುರು ವಕೀಲರು ಮೊದಲು ಓದುವುದು ಅದನ್ನೇ. ಒಂದು ಗಂಟೆ ಕಾಯಿರಿ. ಬಂದ ಉತ್ತರ, ಬಾರದ ಉತ್ತರ ಎರಡನ್ನೂ ಅಲ್ಲೇ ಬರೆದುಕೊಳ್ಳಿ. ಚಾಟ್ ಅಳಿಸಬೇಡಿ, ಕೇಸು ಮುಗಿಯುವವರೆಗೂ ಹಳೆಯ ಫೋನು ಮಾರಬೇಡಿ. ಹೆಸರು, ನಂಬರು, ದಿನಾಂಕ ಮೂರೂ ಕಾಣದ ಸ್ಕ್ರೀನ್‌ಶಾಟ್ ಉಪಯೋಗಕ್ಕಿಲ್ಲ. ಎಲೆಕ್ಟ್ರಾನಿಕ್ ದಾಖಲೆಗಳಿಗೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರವೂ ಜೊತೆಗೆ ಬೇಕು, ವಕೀಲರಿಗೆ ನೆನಪಿಸಿ.

ಮಗುವಿಗೆ ಜ್ವರ ಅಂದರಾ? ‘ಹಾಗಾದರೆ ಮುಂದಿನ ಶನಿವಾರ ಕೊಡಿ’ ಅಂತ ಕೇಳಿ. ಒಂದು ಸಲ ಜ್ವರ ಸಹಜ. ಐದು ಭೇಟಿಗೂ ಜ್ವರ, ಬದಲಿ ದಿನ ಒಮ್ಮೆಯೂ ಇಲ್ಲ ಅಂದರೆ ಅದು ‘ಬೇಕಂತಲೇ’. ಮಗುವೇ ಬರಲ್ಲ ಅಂತ ಅತ್ತರೆ ಮಾತ್ರ ಕಂಟೆಂಪ್ಟಿನ ಆಸೆ ಬಿಡಿ. ಕೌಟುಂಬಿಕ ನ್ಯಾಯಾಲಯದ ಕೌನ್ಸಿಲರ್ ಮುಂದೆ ಭೇಟಿ ಕೇಳಿ.

ಜೀವನಾಂಶದಲ್ಲೂ ಹಾಗೇ. ಕೆಲಸ ಹೋಗಿ ಕೊಡಲಾಗದವರು ಬೇರೆ, ಹೊಸ ಕಾರು ಕೊಂಡು ಕೊಡದವರು ಬೇರೆ. ಎದುರಿನವರ ಆದಾಯ, ಆಸ್ತಿಯ ಅಫಿಡವಿಟ್ ತೆಗೆದು ನೋಡಿ. ಸುಪ್ರೀಂ ಕೋರ್ಟಿನ 2020ರ ರಜನೇಶ್–ನೇಹಾ ತೀರ್ಪಿನ ಮೇಲೆ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಅದನ್ನು ಕೊಡಲೇಬೇಕು.

ಇನ್ನೊಂದು ಎಡವಟ್ಟು. ಮಗು ತೋರಿಸಲಿಲ್ಲ ಅಂತ ಇವರು ಜೀವನಾಂಶ ನಿಲ್ಲಿಸುತ್ತಾರೆ, ಜೀವನಾಂಶ ಬರಲಿಲ್ಲ ಅಂತ ಅವರು ಮಗು ತೋರಿಸುವುದಿಲ್ಲ. ಆಗ ಇಬ್ಬರೂ ಆದೇಶ ಮೀರಿದವರೇ. ನಿಮ್ಮ ಕಡೆಯದು ಪೂರ್ತಿ ಪಾಲಿಸಿ, ಆಮೇಲೆ ಅವರತ್ತ ಬೆರಳು ತೋರಿಸಿ.

ಕಂಟೆಂಪ್ಟ್ ಹಾಕುವ ಮೊದಲು ಎದುರಿನವರಿಗೆ ವಕೀಲರ ನೋಟಿಸ್ ಅಂಚೆಯಲ್ಲಿ ಹೋಗಲಿ, ತಲುಪಿದ್ದಕ್ಕೆ ಪುರಾವೆ ಇರಲಿ.

ನ್ಯಾಯಾಂಗ ನಿಂದನೆ ಕಾಯ್ದೆಯಡಿ ಶಿಕ್ಷಿಸುವ ಅಧಿಕಾರ ಕೌಟುಂಬಿಕ ನ್ಯಾಯಾಲಯಕ್ಕಿಲ್ಲ, ಹೈಕೋರ್ಟಿಗಿದೆ. ನಿಮ್ಮ ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಕೇಸಿಗೆ ‘ಸಿಸಿಸಿ’ (ಸಿವಿಲ್ ಕಂಟೆಂಪ್ಟ್) ನಂಬರು ಬೀಳುತ್ತದೆ. ಆದೇಶ ಮೀರಿದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಕೋರ್ಟ್ ಹತ್ತಿರದ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ರೆಡಿಮೇಡ್ ಅಫಿಡವಿಟ್ ದಯವಿಟ್ಟು ಬೇಡ. ಒಬ್ಬ ಹೆಣ್ಣುಮಗಳು ತಂದದ್ದರಲ್ಲಿ ಮೂರನೇ ಪುಟದಲ್ಲಿ ಬೇರೆ ಯಾರದೋ ಗಂಡನ ಹೆಸರಿತ್ತು. ಫೀಸಿಗೆ ಹೆದರಿ ಅದಕ್ಕೆ ಕೈ ಹಾಕುವುದೂ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಕಾಯ್ದೆಯಲ್ಲಿರುವ ಶಿಕ್ಷೆ ಗರಿಷ್ಠ ಆರು ತಿಂಗಳ ಸಾದಾ ಸಜೆ, 2,000 ರೂಪಾಯಿ ದಂಡ, ಅಥವಾ ಎರಡೂ. ಅಷ್ಟೇನಾ ಅಂತ ನಗಬೇಡಿ. ಮಗನನ್ನು ಭಾರತಕ್ಕೆ ವಾಪಸ್ ಕರೆತರುತ್ತೇನೆ ಅಂತ ಕೋರ್ಟಿಗೆ ಒಪ್ಪಿ ಮಾತು ತಪ್ಪಿದ, ಅಮೆರಿಕದಲ್ಲಿದ್ದ ತಂದೆಯೊಬ್ಬರಿಗೆ 2023ರಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಜೈಲಿನ ಜೊತೆ, ಕಾಯ್ದೆಯ ಮಿತಿಯನ್ನೂ ಮೀರಿ, 25 ಲಕ್ಷ ರೂಪಾಯಿ ದಂಡ ಹಾಕಿತು. ಆದರೆ ಕ್ಷಮೆ ಮನಸ್ಸಿನಿಂದ ಬಂದಿದ್ದರೆ ಕೋರ್ಟ್ ಅಲ್ಲಿಗೇ ಬಿಡಬಹುದು. ನಾನು ನೋಡಿದ ಹೆಚ್ಚಿನ ಕೇಸುಗಳಲ್ಲಿ ನೋಟಿಸ್ ಕೈಸೇರಿದ ಮೇಲೆ ಎದುರಿನವರು ಬಾಕಿ ಕಟ್ಟಿದ ರಸೀದಿ ಹಿಡಿದೋ ಮಗುವಿನ ಕೈ ಹಿಡಿದೋ ಬಂದಿದ್ದಾರೆ, ಕೋರ್ಟ್ ಕೇಸು ಮುಗಿಸಿದೆ. ‘ಒಳಗೆ ಹಾಕಲಿಲ್ಲವಲ್ಲ’ ಅಂತ ಕಕ್ಷಿದಾರರು ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ಬೇಕಾಗಿದ್ದದ್ದು ಕೈಗೆ ಬಂದಾಗಿರುತ್ತದೆ.

ಕೇಸು ಮುಗಿದರೂ ನೋಟ್‌ಬುಕ್ ಎಸೆಯಬೇಡಿ. ಇನ್ನೊಂದು ಶನಿವಾರ ತಪ್ಪಿದರೆ ಒಂದು ವರ್ಷದ ಹೊಸ ಲೆಕ್ಕ ಆ ದಿನದಿಂದಲೇ ಶುರು.