ಮರದ ಹಲಗೆಯಲ್ಲಿ ಏರುಮಡಿ ಮನೇಲೇ ಮಾಡ್ಕೊಳ್ಳೋದು ಹೇಗೆ

ಏರುಮಡಿ ಅಂದ್ರೆ ತರಕಾರಿ ಬೆಳೆಯೋಕೆ ಮಾಡೋ ತಳ ಇಲ್ಲದ ಮರದ ಚೌಕಟ್ಟು, ಒಳಗೆ ಮಣ್ಣು, ಅಷ್ಟೇ. ಡ್ರಿಲ್ ಹಿಡಿದು ಗೊತ್ತಿರೋರಿಗೆ ಒಂದು ದಿನದ ಕೆಲಸ. ಆದ್ರೂ ಮೂಲೆ ಬಿಟ್ಕೊಂಡು, ಹಲಗೆ ಹೊಟ್ಟೆ ಬಿಟ್ಟು ನಿಂತಿರೋ ಮಡಿಗಳು ತುಂಬಾ ಕಾಣ್ತವೆ, ಯಾಕಂದ್ರೆ ಒದ್ದೆ ಮಣ್ಣು ಎಷ್ಟು ಭಾರ ಅಂತ ಮೊದಲೇ ಲೆಕ್ಕ ಹಾಕಿರಲ್ಲ. 4 ಅಡಿ ಅಗಲ, 8 ಅಡಿ ಉದ್ದ, 1 ಅಡಿ ಎತ್ತರದ ಮಡಿಗೆ 32 ಘನ ಅಡಿ ಮಣ್ಣು ಹಿಡಿಯತ್ತೆ, ನೀರು ಕುಡಿದ ಮೇಲೆ ಅದು 1 ಟನ್‌ಗಿಂತ ಜಾಸ್ತಿ ತೂಗತ್ತೆ, ಆ ಭಾರ ಹಗಲು ರಾತ್ರಿ ಹಲಗೇನ ಹೊರಗೆ ತಳ್ತಾನೇ ಇರತ್ತೆ. ಅದಕ್ಕೇ ತಾರಸಿ ಮೇಲೆ ಇಷ್ಟು ದೊಡ್ಡದು ಮಾಡೋ ಆಸೆ ಇದ್ರೆ ಇಂಜಿನಿಯರ್ ಒಬ್ರನ್ನ ಕೇಳ್ದೆ ಕೈ ಹಾಕ್ಬೇಡಿ.

ಅಗಲ 4 ಅಡಿ ದಾಟಬಾರ್ದು. ಎರಡೂ ಕಡೆಯಿಂದ ಕೈ ಚಾಚಿದ್ರೆ ನಡುಮಧ್ಯ ಸಿಗ್ಬೇಕು, ಒಳಗೆ ಕಾಲಿಟ್ಟು ಮಣ್ಣು ತುಳಿಯೋ ಹಾಗಾದ್ರೆ ಏರುಮಡಿ ಮಾಡಿದ್ದೇ ವ್ಯರ್ಥ. ಗೋಡೆಗೆ ಒತ್ತಿಕೊಂಡು ಮಾಡೋದಾದ್ರೆ 2 ಅಡಿ ಸಾಕು. ಎತ್ತರ ಸೊಪ್ಪಿಗೆ 8 ಇಂಚು ನಡೆಯತ್ತೆ, ಟೊಮೆಟೊ, ಬದನೆ, ಕ್ಯಾರೆಟ್‌ಗೆ 12 ಇಂಚು ಇಟ್ಕೊಳ್ಳಿ. ಜಾಗಕ್ಕೆ ದಿನಕ್ಕೆ 6 ಗಂಟೆಯಾದ್ರೂ ನೇರ ಬಿಸಿಲು ಬೀಳ್ಬೇಕು.

ಈಗ ಮರ. ಇದರಲ್ಲಿ ಮಾತ್ರ ಜಿಪುಣತನ ಬೇಡ. ತೇಗ, ಸೀಡರ್ ತರದ ಮರಗಳ ಚೇಗು, ಅಂದ್ರೆ ಕಾಂಡದ ಒಳಗಿನ ಗಾಢ ಬಣ್ಣದ ಭಾಗ, ಬೇಗ ಕೊಳೆಯಲ್ಲ, ಅದೇ ಮರದ ಹೊರಗಿನ ಬಿಳಿ ಭಾಗ ಕೊಟ್ರೆ ತಗೋಬೇಡಿ, ಅದಕ್ಕೆ ಆ ಗುಣ ಇಲ್ಲ. ದಪ್ಪ ಒಂದೂವರೆ ಇಂಚು ಇದ್ರೆ ಒಳ್ಳೇದು, 1 ಇಂಚಿಗಿಂತ ಕಮ್ಮಿ ಅಂತೂ ಬೇಡವೇ ಬೇಡ. ಹಳೇ ರೈಲ್ವೆ ಸ್ಲೀಪರ್ ನೋಡೋಕೆ ಗಟ್ಟಿಮುಟ್ಟಾಗಿರತ್ತೆ, ಆದ್ರೆ ಅದಕ್ಕೆ ಕ್ರಿಯೋಸೋಟ್ ಅನ್ನೋ ಟಾರಿನ ವಿಷದ ಎಣ್ಣೆ ಕುಡಿಸಿರ್ತಾರೆ, ತಿನ್ನೋ ತರಕಾರಿ ಪಕ್ಕ ಇಡೋ ವಸ್ತು ಅಲ್ಲ ಅದು. ಸಿಸಿಎ ಅನ್ನೋ, ಮರ ಕೊಳೆಯದ ಹಾಗೆ ಮಾಡೋ ರಾಸಾಯನಿಕ ಹಾಕಿದ ಹಳೇ ಮರದಲ್ಲಿ ಆರ್ಸೆನಿಕ್ ವಿಷ ಇರತ್ತೆ, ಅದೂ ಬೇಡ. ಪ್ಯಾಲೆಟ್ (ಸರಕು ಇಟ್ಟು ಸಾಗಿಸೋ ಮರದ ಅಟ್ಟೆ) ಬಿಚ್ಚಿ ಹಲಗೆ ತೆಗೆಯೋದಾದ್ರೆ ಅದರ ಮೇಲಿನ ಮುದ್ರೆ ನೋಡಿ, ಎಚ್‌ಟಿ ಅಂತಿದ್ರೆ ಬರೀ ಬಿಸಿ ಕೊಟ್ಟಿದ್ದು, ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷಾನಿಲದ ಹೊಗೆ ಹಾಕಿದ್ದು, ಬಿಟ್ಬಿಡಿ.

ಜೋಡಿಸೋದ್ರಲ್ಲಿ ಜೀವ ಇರೋದು ಮೂಲೇಲಿ. ಒಂದು ಹಲಗೆಯ ತುದಿಗೆ ಇನ್ನೊಂದನ್ನ ಒತ್ತಿ ನೇರ ಸ್ಕ್ರೂ ಹೊಡೆದ್ರೆ ಸ್ಕ್ರೂ ಮರದ ಎಳೆಗಳ ಉದ್ದಕ್ಕೇ ಇಳಿಯತ್ತೆ, ಅಲ್ಲಿ ಹಿಡಿತ ಸಿಗಲ್ಲ, ಮಣ್ಣು ತಳ್ಳೋಕೆ ಶುರು ಮಾಡಿದ್ರೆ ಸುಮ್ನೆ ಜಾರಿ ಬರತ್ತೆ. ಅದಕ್ಕೆ ನಾಲ್ಕೂ ಮೂಲೇಲಿ ಒಳಗಡೆ 2 ಇಂಚು ಚೌಕದ ಗೂಟ ನಿಲ್ಲಿಸಿ, ಎರಡೂ ಹಲಗೇನ ಹೊರಗಿನಿಂದ ಆ ಗೂಟಕ್ಕೆ ಸ್ಕ್ರೂ ಮಾಡಿ. ಮೊಳೆ ಬೇಡ, ಮರ ಒದ್ದೆಯಾಗಿ ಒಣಗಿ ಒಣಗಿ ಮೊಳೆ ನಿಧಾನಕ್ಕೆ ಎದ್ದು ಬರತ್ತೆ. ಸ್ಟೇನ್‌ಲೆಸ್ ಅಥವಾ ಗ್ಯಾಲ್ವನೈಸ್ಡ್ ಸ್ಕ್ರೂ ತಗೊಳ್ಳಿ, ಒಂದೂವರೆ ಇಂಚಿನ ಹಲಗೆಗೆ 3 ಇಂಚಿಂದು ಸರಿಹೋಗತ್ತೆ, ಒಂದೊಂದು ಹಲಗೆ ತುದಿಗೂ ಎರಡೋ ಮೂರೋ ಹಾಕಿ. ಮೊದಲು ಸ್ಕ್ರೂಗಿಂತ ಸಣ್ಣ ಬಿಟ್‌ನಲ್ಲಿ ತೂತು ಕೊರೀರಿ, ಇಲ್ಲಾಂದ್ರೆ ತುದೀಲಿ ಹಲಗೆ ಸೀಳತ್ತೆ. 6 ಅಡಿಗಿಂತ ಉದ್ದ ಇದ್ರೆ ಉದ್ದದ ಬದಿಗಳ ಮಧ್ಯದಲ್ಲೂ ಗೂಟ ಬೇಕು, ಆ ಗೂಟ ನೆಲದೊಳಗೆ ಒಂದಡಿಯಾದ್ರೂ ಇಳೀಲಿ.

ಪೂರ್ತಿ ಬಿಗಿ ಮಾಡೋ ಮೊದಲು ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಅಳೀರಿ. ಹೊರ ಅಳತೆ 4 ಕ್ಕೆ 8 ಇದ್ರೆ ಎರಡೂ ಕರ್ಣ 8 ಅಡಿ 11 ಇಂಚು ಚಿಲ್ಲರೆ ಬರ್ಬೇಕು, ಒಂದು ಜಾಸ್ತಿ ಬಂದ್ರೆ ಆ ಉದ್ದದ ಮೂಲೇನ ಒಳಗೆ ದೂಡಿ ಮತ್ತೆ ನೋಡಿ. ಆಮೇಲೆ ರಸಮಟ್ಟ ಇಟ್ಟು ಎತ್ತರ ಇರೋ ಕಡೆ ನೆಲ ಕೆರೆದು ಕೂರಿಸಿ, ತಗ್ಗಿರೋ ಕಡೆ ಕಲ್ಲು ಕೊಟ್ಟು ಎತ್ತಿದ್ರೆ ನೀರು ಹಾಕ್ದಾಗೆಲ್ಲ ಅಡಿಯಿಂದ ಮಣ್ಣು ಸೋರತ್ತೆ.

ಹೊರಗಡೆ ಹಸಿ ಅಗಸೆ ಎಣ್ಣೆ ಹಚ್ಬಹುದು. ಒಂದು ಮಾತು, ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ಅದು ತಾನಾಗೇ ಬಿಸಿಯೇರಿ ಬೆಂಕಿ ಹತ್ಕೊಳ್ಳೋದುಂಟು, ಹೊರಗೆ ಬಿಡಿಸಿ ಹರವಿ ಒಣಗಿಸಿ. ತಳಕ್ಕೆ ಪ್ಲಾಸ್ಟಿಕ್ ಹಾಸ್ಲೇಬೇಡಿ, ನೀರು ನಿಂತು ಬೇರು ಕೊಳೆಯತ್ತೆ, ಹಲಗೆಯ ಬುಡವೂ ಸದಾ ಒದ್ದೆ ಇರತ್ತೆ. ಟೇಪ್ ಕಿತ್ತು ತೆಗೆದ ಬರೀ ರಟ್ಟು ಹಾಸಿದ್ರೆ ಅಡಿಯ ಹುಲ್ಲು ಸಾಯತ್ತೆ, ರಟ್ಟೂ ಕರಗಿ ಹೋಗತ್ತೆ. ಇಲಿ ಹೆಗ್ಗಣದ ಕಾಟ ಇದ್ರೆ ರಟ್ಟಿಗಿಂತ ಮೊದಲು ಸಣ್ಣ ಕಣ್ಣಿನ ತಂತಿ ಬಲೆ ಹಾಕಿ ಹಲಗೆಗೆ ಸೇರಿಸಿ ಹೊಡೀರಿ.

ತುಂಬೋಕೆ ಅರ್ಧ ಒಳ್ಳೆ ಮೇಲ್ಮಣ್ಣು, ಕಾಲಿಗಿಂತ ಸ್ವಲ್ಪ ಜಾಸ್ತಿ ಚೆನ್ನಾಗಿ ಕಳಿತ ಗೊಬ್ಬರ, ಉಳಿದದ್ದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಮರಳು. ಅರೆಬರೆ ಕಳಿತ ಗೊಬ್ಬರ, ಮರದ ಹೊಟ್ಟು ಮೇಲ್ಭಾಗದಲ್ಲಿ ಬೆರೆಸ್ಬೇಡಿ, ಅದು ಕೊಳೆಯೋವಾಗ ಗಿಡಕ್ಕೆ ಸಿಗ್ಬೇಕಾದ ಸಾರಜನಕಾನ ತಾನೇ ಎಳ್ಕೊಂಡು ಎಲೆ ಹಳದಿ ಆಗತ್ತೆ. ಅಂಚಿನವರೆಗೂ ತುಂಬಿ ಚೆನ್ನಾಗಿ ನೀರು ಬಿಟ್ಟು ಒಂದು ವಾರ ಹಾಗೇ ಬಿಡಿ, ಇಂಚು ಎರಡಿಂಚು ಕುಸಿಯತ್ತೆ, ಅದನ್ನ ಮತ್ತೆ ತುಂಬಿಸಿ ಆಮೇಲೆ ನೆಡಿ. ಪ್ರತಿ ಬೆಳೆ ಮುಗಿದಾಗ 2 ಇಂಚು ಗೊಬ್ಬರ ಮೇಲೆ ಹರಡಿದ್ರೆ ಸಾಕು, ಯಾರೂ ತುಳಿಯದ ಮಣ್ಣು ಆದ್ರಿಂದ ಅಗೆದು ತಿರುವೋ ಅವಶ್ಯಕತೆ ಬರಲ್ಲ, ಹಾಗೇ ಗೊಬ್ಬರ ಹಾಕೋವಾಗ ಮೂಲೆ ಸ್ಕ್ರೂಗಳನ್ನೂ ಒಂದು ಸಲ ಬಿಗಿ ಮಾಡ್ಬಿಡಿ.