ಹುಲ್ಲಿನ ಸೇತುವೆ ಹೆಣೆಯುವ ಊರಿಗೆ ಹೋಗುವವರಿಗೆ

ಪೆರು ದೇಶಕ್ಕೆ ಹೋಗುವವರು ಹೆಚ್ಚಾಗಿ ಮಾಚು ಪಿಚು ನೋಡಿ ಹಿಂದಿರುಗುತ್ತಾರೆ. ನೀವು ಜೂನ್ ತಿಂಗಳಲ್ಲಿ ಹೋಗುತ್ತಿದ್ದರೆ ಇನ್ನೂ ಐದಾರು ದಿನ ಕೈಯಲ್ಲಿಟ್ಟುಕೊಳ್ಳಿ. ಕುಸ್ಕೋ ಸೀಮೆಯ ಕಾನಾಸ್‌ನಲ್ಲಿ ಕೆವೆ ಅನ್ನೋ ಪುಟ್ಟ ಜಿಲ್ಲೆ ಇದೆ. ಅಲ್ಲಿ ಅಪುರಿಮಾಕ್ ನದಿಯ ಮೇಲೆ ಒಂದು ಸೇತುವೆ ತೂಗುತ್ತದೆ. ಹೆಸರು ಕೆಸ್ವಾಚಾಕ. ಕೆಚುವಾ ಭಾಷೆಯಲ್ಲಿ ಕೆಸ್ವಾ ಅಂದರೆ ಹೊಸೆದ ಹಗ್ಗ, ಚಾಕ ಅಂದರೆ ಸೇತುವೆ. ಸುಮಾರು 28 ಮೀಟರ್ ಉದ್ದ, ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ. ಇಡೀ ಸೇತುವೆಯ ಭಾರ ಹೊರುವುದು ಬೆಟ್ಟದ ಹುಲ್ಲಿನ ಹಗ್ಗ. ಇಂಕಾ ಕಾಲದ ಈ ವಿದ್ಯೆಯನ್ನು ವಿಂಚಿರಿ, ಚೌಪಿಬಾಂದಾ, ಚೊಕ್ಕಾಯ್ವಾ, ಕೊಲ್ಯಾನಾ ಕೆವೆ ಎಂಬ ನಾಲ್ಕು ಊರಿನವರು ಉಳಿಸಿಕೊಂಡಿದ್ದಾರೆ. ಪ್ರತಿ ವರ್ಷ ಹಳೆಯದನ್ನು ಕಡಿದು ಹೊಸದನ್ನು ಕಟ್ಟುತ್ತಾರೆ. 2013ರಲ್ಲಿ ಯುನೆಸ್ಕೋ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೇರೆ ತಿಂಗಳಲ್ಲಿ ಹೋದರೆ ಹತ್ತು ನಿಮಿಷದಲ್ಲಿ ಸೇತುವೆ ನೋಡಿ ಮುಗಿಯುತ್ತದೆ. ಆದ್ದರಿಂದ ಕಟ್ಟುವ ದಿನಗಳಿಗೇ ಹೋಗಿ. ಮೂರು ದಿನ ಕೆಲಸ, ನಾಲ್ಕನೇ ದಿನ ಹಬ್ಬ. ಸಾಮಾನ್ಯವಾಗಿ ಜೂನ್ ಎರಡನೇ ವಾರದ ಆಸುಪಾಸು ಇರುತ್ತದೆ. ದಿನ ಹಿಂದೆ ಮುಂದೆ ಆಗಬಹುದು, ಕುಸ್ಕೋ ತಲುಪಿದ ತಕ್ಷಣ ವಿಚಾರಿಸಿಕೊಳ್ಳಿ. ಜೂನ್ 24ರ ಇಂತಿ ರಾಯ್ಮಿ, ಅಂದರೆ ಸೂರ್ಯನ ಹಬ್ಬ ಕುಸ್ಕೋದಲ್ಲೇ ನಡೆಯುತ್ತದೆ. ರಜೆ ಇದ್ದರೆ ಎರಡನ್ನೂ ಸೇರಿಸಿಕೊಳ್ಳಬಹುದು.

ನಾನು ಮೊದಲ ಸಲ ಮಾಡಿದ ತಪ್ಪನ್ನು ನೀವು ಮಾಡಬೇಡಿ. ಸಮುದ್ರದ ಮಟ್ಟದಲ್ಲಿರುವ ಲಿಮಾದಿಂದ ಬೆಳಿಗ್ಗೆ ವಿಮಾನದಲ್ಲಿ ಬಂದು, ಅವತ್ತೇ ಮಧ್ಯಾಹ್ನ ಹೊರಟುಬಿಟ್ಟೆ. ಕುಸ್ಕೋ 3,400 ಮೀಟರ್ ಎತ್ತರದಲ್ಲಿದೆ, ಸೇತುವೆ ಸುಮಾರು 3,700 ಮೀಟರ್. ರಾತ್ರಿಯೆಲ್ಲ ತಲೆ ಸಿಡಿಯಿತು, ಕುಡಿದ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕುಸ್ಕೋದಲ್ಲಿ ಕನಿಷ್ಠ ಎರಡು ದಿನ ಸುಮ್ನೆ ಇದ್ದು ಮೈ ಒಗ್ಗಿಸಿಕೊಳ್ಳಿ. ಊಟ ಹಗುರ ಇರಲಿ, ನೀರು ಜಾಸ್ತಿ ಕುಡಿಯಿರಿ. ಅಲ್ಲಿನವರು ಕೊಡುವ ಕೋಕಾ ಎಲೆಯ ಕಷಾಯ ನನಗೆ ಹಿತವಾಯಿತು.

ಕುಸ್ಕೋದಿಂದ ಸಿಕುವಾನಿ ಕಡೆಗೆ ಹೋಗುವ ಬಸ್ ಹತ್ತಿ, ಸುಮಾರು 100 ಕಿಲೋಮೀಟರ್ ದೂರದ ಕೊಂಬಾಪಾತಾದಲ್ಲಿ ಇಳಿಯಿರಿ. ಅಲ್ಲಿಂದ ಯಾನಾಓಕಾಗೆ ಶೇರ್ ಕಾರುಗಳಿವೆ. ಯಾನಾಓಕಾದಿಂದ ಸೇತುವೆಗೆ ಟ್ಯಾಕ್ಸಿ ಮಾತಾಡಿಕೊಳ್ಳಬೇಕು. ಹತ್ತುವ ಮೊದಲೇ ವಾಪಸ್ ಬರುವುದೂ ಸೇರಿ ಬಾಡಿಗೆ ಗೊತ್ತು ಮಾಡಿಕೊಳ್ಳಿ. ಅಲ್ಲಿನ ಹಣವಾದ ಸೋಲ್‌ಗಳು ಚಿಲ್ಲರೆಯಾಗಿಯೇ ಇರಲಿ. ದಾರಿಯಲ್ಲಿ ಒರೋಪೆಸಾ ಸಿಗುತ್ತದೆ. ಅಗಲವಾದ ಬ್ರೆಡ್ಡಿಗೆ ಹೆಸರಾದ ಊರು. ನಾಲ್ಕೈದು ಕೊಂಡುಕೊಳ್ಳಿ, ಹಳ್ಳಿಯಲ್ಲಿ ಯಾರ ಮನೆಗೆ ಹೋದರೂ ಕೈಯಲ್ಲಿ ಏನಾದರೂ ಇರಬೇಕು, ಅಲ್ವಾ?

ಯಾನಾಓಕಾಗೆ ಮೊದಲು, ಕೆರೆಯ ದಂಡೆಯಲ್ಲಿ ತುಂಗಾಸುಕಾ ಬರುತ್ತದೆ. ಅಲ್ಲಿ ಒಂದರ್ಧ ಗಂಟೆ ಇಳಿಯಿರಿ. ಸ್ಪೇನಿನವರ ವಿರುದ್ಧ 1780ರ ನವೆಂಬರ್‌ನಲ್ಲಿ ಎದ್ದು ನಿಂತ ಎರಡನೇ ತುಪಾಕ್ ಅಮಾರು ಈ ಸೀಮೆಯ ಮುಖಂಡ. ಅವನೂ ಹೆಂಡತಿ ಮಿಕಾಯೆಲಾ ಬಾಸ್ತೀದಾಸ್ ಕೂಡ 1781ರ ಮೇ 18ರಂದು ಕುಸ್ಕೋದ ಚೌಕದಲ್ಲಿ ಪ್ರಾಣ ಕೊಟ್ಟರು. ಕುಸ್ಕೋದಲ್ಲಿ ಆ ಚೌಕ ನೋಡಿ ಬಂದವರಿಗೆ ಈ ಕೆರೆಯ ದಂಡೆಯಲ್ಲಿ ನಿಂತಾಗ ಮನಸ್ಸು ಭಾರವಾಗುತ್ತದೆ.

ಈಗ ಸೇತುವೆಗೆ ಬರೋಣ. ಮೊದಲ ದಿನ ಬೆಳಿಗ್ಗೆ ಬೇಗ ಅಲ್ಲಿರಿ. ಪಾಕೋ ಎಂದು ಕರೆಯುವ ಪೂಜಾರಿ ಭೂಮಿತಾಯಿ ಪಚಮಾಮಾಗೆ, ಬೆಟ್ಟದ ದೈವಗಳಾದ ಅಪುಗಳಿಗೆ ಕೋಕಾ ಎಲೆ ಮತ್ತಿತರ ವಸ್ತುಗಳ ಎಡೆ ಇಡುತ್ತಾರೆ. ಆ ಹೊತ್ತಿನಲ್ಲಿ ಕ್ಯಾಮೆರಾ ಒಳಗಿಡಿ. ಆಮೇಲೆ ಒಂದೊಂದು ಮನೆಯವರೂ ತಾವು ಹೊಸೆದ ಸಣ್ಣ ಹುರಿಯ ಸುರುಳಿ ಹೊತ್ತು ಬರುತ್ತಾರೆ.

ಕಟ್ಟುವ ದಿನಗಳಲ್ಲಿ ಹೆಂಗಸರು ಸೇತುವೆಯ ಹತ್ತಿರ ಹೋಗಬಾರದು ಅನ್ನೋದು ಅಲ್ಲಿನ ನಂಬಿಕೆ. ನಾನು ಹೆಂಗಸು, ಕೇಳಿದಾಗ ಬೇಸರವಾಯಿತು. ಆದರೆ ಮೇಲೆ ದಿಬ್ಬದಲ್ಲಿ ಹುರಿ ಹೊಸೆಯುತ್ತಿದ್ದ ಅಜ್ಜಿಯೊಬ್ಬರು ಪಕ್ಕದಲ್ಲಿ ಜಾಗ ಮಾಡಿ ಕೂರಿಸಿಕೊಂಡರು. ಹುಲ್ಲನ್ನು ಕಲ್ಲಿನಿಂದ ಜಜ್ಜಿ, ನೀರಲ್ಲಿ ನೆನೆಸಿ ಮೆತ್ತಗೆ ಮಾಡಿರುತ್ತಾರೆ. ಎರಡು ಹಿಡಿ ಹುಲ್ಲನ್ನು ಅಂಗೈಗಳ ನಡುವೆ ಇಟ್ಟು ಉಜ್ಜುತ್ತಾ ಹೋದರೆ ಎರಡು ಎಳೆಯ ಹುರಿ ಮುಂದೆ ಮುಂದೆ ಬೆಳೆಯುತ್ತದೆ. ಎಳೆ ಸಣ್ಣಗಾಗುವ ಮೊದಲೇ ನಾಲ್ಕು ಕಡ್ಡಿ ಹೊಸ ಹುಲ್ಲು ಸೇರಿಸಬೇಕು. ನಾನು ತಡವಾಗಿ ಸೇರಿಸಿದ ಕಡೆ ಹುರಿ ಸೊರಗಿತ್ತು. ಅಜ್ಜಿ ಬೆರಳಲ್ಲಿ ಸವರಿ, ಅಷ್ಟೂ ಬಿಚ್ಚಿ ಮತ್ತೆ ಹೊಸೆಯಲು ಕೊಟ್ಟರು. ನೂರಾರು ಜನ ಈ ಹುರಿಯ ಮೇಲೆ ನಡೆಯುತ್ತಾರೆ ಅನ್ನೋದು ಆಗ ನನಗೆ ನಾಟಿತು. ಕೆಳಗೆ ಇಣುಕೋದಕ್ಕಿಂತ ಮೊದಲು ಇಲ್ಲಿ ಒಂದು ಗಂಟೆ ಕೂತುಕೊಳ್ಳಿ. ಹಿರಿಯ ಹೆಂಗಸರನ್ನು ಮಾಮಾಯ್, ಗಂಡಸರನ್ನು ತಾಯ್ತಾಯ್ ಅನ್ನಿ. ಹೊರಡುವಾಗ ಸುಲ್ಪಾಯ್ಕಿ ಅನ್ನಿ, ಉಪಕಾರವಾಯಿತು ಅಂತ ಅರ್ಥ.

ಗಂಡಸರು ಈ ಹುರಿಗಳನ್ನು ರಸ್ತೆಯುದ್ದಕ್ಕೂ ಹಾಸಿ, ಎರಡೂ ತುದಿಯಲ್ಲಿ ಸಾಲಾಗಿ ನಿಂತು ಎಳೆದು ಬಿಗಿಯುತ್ತಾರೆ. ಹುರಿಗಳು ಸೇರಿ ಹಗ್ಗ, ಮೂರು ಹಗ್ಗ ಜಡೆಯ ಹಾಗೆ ಹೆಣೆದರೆ ತೊಡೆಗಾತ್ರದ ಮಿಣಿ. ಎರಡನೇ ದಿನ ಹಳೆಯ ಸೇತುವೆಯನ್ನು ಕಡಿದು ನದಿಗೆ ಬಿಡುತ್ತಾರೆ. ಹುಲ್ಲಲ್ವಾ, ನೀರಲ್ಲೇ ಕೊಳೆತು ಹೋಗುತ್ತದೆ. ಆರು ಮಿಣಿಗಳನ್ನು ಕಲ್ಲಿನ ಕಟ್ಟೆಗಳಿಗೆ ಬಿಗಿಯುತ್ತಾರೆ: ನಾಲ್ಕು ಕಾಲಡಿಗೆ, ಎರಡು ಕೈಗೆ. ಮೂರನೇ ದಿನ ಚಾಕರುವಾಕ್ ಎಂಬ ಕುಶಲಿಗರು ಎರಡೂ ದಡದಿಂದ ಹೊರಟು, ಮಿಣಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಅಕ್ಕಪಕ್ಕ ಹೆಣೆಯುತ್ತಾ ನಡುವೆ ಸೇರುತ್ತಾರೆ. ಅವರು ಭೇಟಿಯಾಗುವ ಕ್ಷಣ ಎರಡೂ ದಡ ಕೂಗುತ್ತದೆ. ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಪಕ್ಕದಲ್ಲೇ ಗಾಡಿ ಓಡಾಡುವ ಕಬ್ಬಿಣದ ಸೇತುವೆ ಇದೆ. ಹಾಗಾದರೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. 2020ರಲ್ಲಿ ಕೊರೊನಾದಿಂದ ಕಟ್ಟಲಾಗಲಿಲ್ಲ, 2021ರ ಮಾರ್ಚ್‌ನಲ್ಲಿ ಸೇತುವೆ ಕುಸಿಯಿತು. ಅದೇ ಜೂನ್‌ನಲ್ಲಿ ಊರವರು ಮತ್ತೆ ಹೆಣೆದು ನಿಲ್ಲಿಸಿದರು. ಅವರಿಗೆ ಅದು ಎಷ್ಟು ಬೇಕು ಅನ್ನೋದು ಇಷ್ಟರಲ್ಲೇ ಗೊತ್ತಾಗುತ್ತದೆ.

ದಾಟುವಾಗ ಬ್ಯಾಗು ಬೆನ್ನಿಗೆ ಬಿಗಿದು ಕಟ್ಟಿ, ಎರಡೂ ಕೈ ಖಾಲಿ ಇರಲಿ. ಸೇತುವೆ ಪಕ್ಕಕ್ಕೆ ತೂಗುತ್ತದೆ. ಹೆಜ್ಜೆ ಚಿಕ್ಕದಾಗಿಡಿ, ಎದುರಿನ ದಡ ನೋಡಿ. ನಡುವೆ ನಿಂತು ಫೋಟೋ ಬೇಡ, ಹಿಂದೆ ಜನ ಕಾಯುತ್ತಿರುತ್ತಾರೆ.

ಹಗಲು ಬಿಸಿಲು ಚುರುಗುಟ್ಟುತ್ತದೆ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಟೋಪಿ, ದಪ್ಪ ಸ್ವೆಟರ್, ಉಣ್ಣೆ ಕಾಲುಚೀಲ ಮರೆಯಬೇಡಿ. ಈ ಚಳಿಯಲ್ಲೇ ಅವರು ಚುನ್ಯೋ ಮಾಡುತ್ತಾರೆ. ಆಲೂಗಡ್ಡೆಯನ್ನು ರಾತ್ರಿ ಹೊಲದಲ್ಲಿ ಹರಡಿ ಹಿಮಕ್ಕೆ ಬಿಟ್ಟು, ಹಗಲು ಬರಿಗಾಲಲ್ಲಿ ತುಳಿದು ನೀರು ತೆಗೆದು ಒಣಗಿಸುವುದು. ಕಲ್ಲಿನ ಹಾಗಾಗುತ್ತದೆ, ವರ್ಷಗಟ್ಟಲೆ ಇಡಬಹುದು. ಕರಿದ ಟ್ರೌಟ್ ಮೀನಿನ ಜೊತೆ ಸಿಗುತ್ತದೆ. ಮೀನು ತಿನ್ನದವರಿಗೆ ಬೇಯಿಸಿದ ಆಲೂಗಡ್ಡೆ, ಅವರೆಯಂಥ ದಪ್ಪ ಕಾಳು, ಹುರಿದ ಮೆಕ್ಕೆಜೋಳ, ಚೀಸ್ ಇವೆ.

ಜನವರಿ 20ಕ್ಕೆ ಇದೇ ಸೀಮೆಯಲ್ಲಿ ಚಿಯಾರಾಖೆ ಎಂಬ ಕವಣೆಕಲ್ಲಿನ ಕಾಳಗ ನಡೆಯುತ್ತದೆ. ಜನ ಸತ್ತದ್ದೂ ಉಂಟು. ನಾನಂತೂ ಅದಕ್ಕೆ ಹೋಗಿ ಅನ್ನುವುದಿಲ್ಲ.

ಸೇತುವೆ ಮುಗಿದ ನಾಲ್ಕನೇ ದಿನ ಕುಣಿತ, ಹಾಡು, ಮೆಕ್ಕೆಜೋಳ ಹುಳಿ ಬರಿಸಿ ಮಾಡುವ ಚಿಚಾ ಎಂಬ ಪಾನೀಯ. ಪುಟ್ಟ ಗಿಟಾರಿನಂಥ ಚರಂಗೋ ನುಡಿಸುವವರು ಸಿಕ್ಕರೆ ಹತ್ತಿರ ಹೋಗಿ ಕೇಳಿ. ರಾತ್ರಿ ವಾದ್ಯವನ್ನು ನೀರಿನ ಪಕ್ಕ ಇಟ್ಟು ಬಂದರೆ ಜಲಕನ್ಯೆ ಶ್ರುತಿ ಮಾಡಿಕೊಡುತ್ತಾಳೆ ಅಂತ ಕಾನಾಸ್ ಹುಡುಗರ ನಂಬಿಕೆ. ಅದನ್ನು ಕೇಳುತ್ತಾ ಹೊತ್ತು ಮರೆಯಬೇಡಿ. ಸಂಜೆ ನಾಲ್ಕರೊಳಗೆ ಯಾನಾಓಕಾ ಕಡೆ ಹೊರಡಿ, ಕತ್ತಲಾದ ಮೇಲೆ ಕಾರು ಸಿಗುವುದು ಕಷ್ಟ.