ಇಂಗ್ಲಿಷ್ ಪದಕ್ಕೂ ಅಡ್ಡಹೆಸರು ಇದೆ, ಅದನ್ನು ಹಿಡಿದು ಕಲಿಯಿರಿ

ನಮ್ಮ ಅಕ್ಕನ ಮಗಳು ವಿಜಯಪುರದಲ್ಲಿ ಎಂಟನೇ ತರಗತಿ ಓದುತ್ತಾಳೆ. ದಿನಾ ಸಂಜೆ ಹತ್ತು ಇಂಗ್ಲಿಷ್ ಪದ, ಅವುಗಳ ಅರ್ಥ ಬಾಯಿಪಾಠ. ಸೋಮವಾರ ಕಲಿತದ್ದು ಶುಕ್ರವಾರಕ್ಕೆ ಮರೆತು ಹೋಗುತ್ತಿತ್ತು. ಒಂದು ದಿನ ಅವಳ ನೋಟ್‌ಬುಕ್ ತಿರುವಿ ಹಾಕಿದೆ. ಹೈಡ್ರೋಜನ್, ಡಿಹೈಡ್ರೇಟ್, ಹೈಡ್ರೋಎಲೆಕ್ಟ್ರಿಕ್ ಮೂರೂ ಮೂರು ಪುಟದಲ್ಲಿ ಬೇರೆ ಬೇರೆಯಾಗಿ ಕೂತಿದ್ದವು.

"ಇವು ಮೂರರಾಗೂ ಒಂದ ತುಣುಕು ಐತಿ, ಹುಡುಕು ನೋಡೋಣ" ಅಂದೆ.

ಸ್ವಲ್ಪ ಹೊತ್ತು ನೋಡಿದಳು. "ಹೈಡ್ರ! ಮಾಮಾ, ಹೈಡ್ರೋಜನ್‌ಗೆ ನಾವು ಜಲಜನಕ ಅಂತೀವಲ್ಲ, ಹಂಗಾರ ಹೈಡ್ರ ಅಂದ್ರ ನೀರೇನು?"

ಹೌದು, ನೀರೇ. ಗ್ರೀಕ್ ಭಾಷೆಯಿಂದ ಬಂದ ತುಣುಕು ಅದು. ಆದರೆ ಅವಳಿಗೆ ಅದು ಸಿಕ್ಕಿದ್ದು ಗ್ರೀಕ್‌ನಿಂದಲ್ಲ, ಕನ್ನಡದಿಂದ. ಇಂಗ್ಲಿಷ್ ಪದ ಕಲಿಯಲು ಕನ್ನಡ ಅಡ್ಡಿ ಅಂತ ಹೇಳುವವರು ಜಾಸ್ತಿ. ನನಗಂತೂ ಅವತ್ತಿನಿಂದ ಅದು ಸುಳ್ಳು ಅನಿಸಿದೆ. ಕನ್ನಡ ಮಾಧ್ಯಮದ ಮಕ್ಕಳ ಕೈಯಲ್ಲಿ ಅರ್ಧ ಕೀಲಿಕೈ ಆಗಲೇ ಇದೆ. ಅದನ್ನು ಬಳಸುವುದು ಹೀಗೆ.

ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಎ, ಬಿ, ಸಿ ಅಂತ ಅಕ್ಷರದ ಪ್ರಕಾರ ಪದ ಬರೆಯುವುದನ್ನು ಬಿಡಿ. ಒಂದು ಪುಟಕ್ಕೆ ಒಂದೇ ತುಣುಕು. ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಮನೆತನ ಗೊತ್ತಾಗುತ್ತದೆ ಅಲ್ವಾ, ಹಾಗೆಯೇ ಇದು. ಪುಟದ ನೆತ್ತಿಯ ಮೇಲೆ ಅಡ್ಡಹೆಸರು, ಕೆಳಗೆ ಆ ಮನೆತನದ ಪದಗಳು.

ಎರಡನೆಯದು ತುಂಬ ಮುಖ್ಯ. ಗೊತ್ತಿರುವ ಕನ್ನಡ ಪದದಿಂದ ಶುರುಮಾಡಿ. ದೂರವಾಣಿ ಎಂಬ ಪದವನ್ನು ಒಡೆಯಿರಿ: ದೂರ, ವಾಣಿ. ಈಗ ಟೆಲಿಫೋನ್ ಒಡೆಯಿರಿ: ಟೆಲಿ ಅಂದರೆ ದೂರ, ಫೋನ್ ಅಂದರೆ ದನಿ. ದೂರದರ್ಶನ ಒಡೆದರೆ ಟೆಲಿವಿಷನ್ ಸಿಗುತ್ತದೆ, ದೂರದರ್ಶಕ ಒಡೆದರೆ ಟೆಲಿಸ್ಕೋಪ್. ಸೂಕ್ಷ್ಮದರ್ಶಕ ಮೈಕ್ರೋಸ್ಕೋಪ್. ಮೈಕ್ರೋ ಅಂದರೆ ತೀರಾ ಸಣ್ಣದು, ಸ್ಕೋಪ್ ಅಂದರೆ ನೋಡುವುದು. ನಾಲ್ಕು ಕನ್ನಡ ಪದದಿಂದ ಟೆಲಿ, ಫೋನ್, ಸ್ಕೋಪ್, ಮೈಕ್ರೋ, ವಿಷನ್ ಐದು ಪುಟ ತೆರೆದವು.

ವಿಜ್ಞಾನದ ಪುಸ್ತಕದಲ್ಲಿ ಇಂಥ ಪದ ರಾಶಿ ಇವೆ. ಜಲಜನಕ ಅಂದರೆ ನೀರನ್ನು ಹುಟ್ಟಿಸುವುದು. ಆ ಅನಿಲ ಉರಿದರೆ ನೀರೇ ಆಗುತ್ತದೆ, ಹೈಡ್ರೋಜನ್ ಪದದ ಅರ್ಥವೂ ಅದೇ. ಆಮ್ಲಜನಕದ ಕಥೆ ಇನ್ನೂ ಚಂದ. ಆಕ್ಸಿಜನ್ ಅಂದರೆ ಹುಳಿಯನ್ನು, ಆಮ್ಲವನ್ನು ಹುಟ್ಟಿಸುವುದು. 1777ರಲ್ಲಿ ಫ್ರಾನ್ಸ್‌ನ ವಿಜ್ಞಾನಿ ಲವಾಸಿಯೇ ಈ ಹೆಸರಿಟ್ಟರು. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರುತ್ತದೆ ಎಂದು ಅವರು ನಂಬಿದ್ದರು. ಅದು ತಪ್ಪು ಎಂದು ಆಮೇಲೆ ತಿಳಿಯಿತು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ಆದರೂ ಹೆಸರು ಉಳಿಯಿತು. ಕನ್ನಡದ ಆಮ್ಲಜನಕದಲ್ಲೂ ಆ ಹಳೆಯ ನಂಬಿಕೆ ಹಾಗೇ ಕೂತಿದೆ. ಮಗುವಿಗೆ ಇದನ್ನು ಒಮ್ಮೆ ಹೇಳಿ ನೋಡಿ, ಜನ್ಮದಲ್ಲಿ ಮರೆಯುವುದಿಲ್ಲ.

ಮೂರನೆಯ ಹೆಜ್ಜೆ, ಪದವನ್ನು ಊರಿನ ಒಂದು ವಸ್ತುವಿಗೆ ಕಟ್ಟುವುದು. ಹೈಡ್ರ ಪುಟದಲ್ಲಿ ನಮ್ಮ ಹುಡುಗಿ ಹೈಡ್ರೋಎಲೆಕ್ಟ್ರಿಕ್ ಎಂಬ ಪದದ ಎದುರು ಆಲಮಟ್ಟಿ ಅಂತ ಬರೆದಿದ್ದಾಳೆ. ಕೃಷ್ಣೆಯ ನೀರಿನಿಂದ ಅಲ್ಲಿ ಕರೆಂಟ್ ತೆಗೆಯುತ್ತಾರೆ. ಡಿಹೈಡ್ರೇಟ್ ಎದುರು ತಿಕೋಟಾ ಕಡೆಯ ಒಣದ್ರಾಕ್ಷಿ. ಮುಂದೆ ಬರುವ ಡಿ ಅಂದರೆ ಇಲ್ಲಿ ತೆಗೆದುಹಾಕು ಎಂದರ್ಥ, ದ್ರಾಕ್ಷಿಯಿಂದ ನೀರು ತೆಗೆದರೆ ಒಣದ್ರಾಕ್ಷಿ. ಥರ್ಮ ಅಂದರೆ ಶಾಖ, ಆ ಪುಟದಲ್ಲಿ ಥರ್ಮಾಮೀಟರ್, ಥರ್ಮಾಸ್, ಜೊತೆಗೆ ಕೂಡಗಿಯ ಥರ್ಮಲ್ ಪವರ್ ಸ್ಟೇಷನ್. ಅಲ್ಲಿ ಕಲ್ಲಿದ್ದಲು ಉರಿಸಿ ಕರೆಂಟ್ ಮಾಡುತ್ತಾರೆ.

ಪೋರ್ಟ್ ಎಂಬ ತುಣುಕಿಗೆ ಎರಡು ಪುಟ ಬಿಡಿ. ಲ್ಯಾಟಿನ್‌ನಲ್ಲಿ ಅದಕ್ಕೆ ಹೊರು, ಒಯ್ಯು ಎಂದರ್ಥ. ಪೋರ್ಟರ್ ಅಂದರೆ ನಮ್ಮ ಹಮಾಲ. ಹೊರಗೆ ಒಯ್ದರೆ ಎಕ್ಸ್‌ಪೋರ್ಟ್, ಒಳಗೆ ತಂದರೆ ಇಂಪೋರ್ಟ್, ಈ ದಡದಿಂದ ಆ ದಡಕ್ಕೆ ಸಾಗಿಸಿದರೆ ಟ್ರಾನ್ಸ್‌ಪೋರ್ಟ್. ಸುದ್ದಿ ಹೊತ್ತು ವಾಪಸ್ ತಂದರೆ ರಿಪೋರ್ಟ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಪೋರ್ಟ್: ಕೆಳಗೆ ನಿಂತು ಹೊರುವುದು. ಒಬ್ಬರು ಬೀಳದ ಹಾಗೆ ಇನ್ನೊಬ್ಬರು ಅಡಿಯಲ್ಲಿ ಹೆಗಲು ಕೊಟ್ಟು ನಿಂತ ಚಿತ್ರ ಆ ಪದದೊಳಗೇ ಇದೆ.

ಈಗ ಒಂದು ಎಚ್ಚರಿಕೆ. ನಮ್ಮಲ್ಲಿ ಪಾಟೀಲರು ಊರೂರಿಗೂ ಇದ್ದಾರೆ, ಹಾಗಂತ ಎಲ್ಲರೂ ಒಂದೇ ಮನೆಯವರಲ್ಲ. ಪೋರ್ಷನ್, ಪೋರ್ಟ್ರೇಟ್ ಈ ಎರಡರ ಸ್ಪೆಲ್ಲಿಂಗ್‌ನಲ್ಲೂ ಪೋರ್ಟ್‌ನ ನಾಲ್ಕೂ ಅಕ್ಷರ ಕಾಣುತ್ತವೆ. ಆದರೆ ಪೋರ್ಷನ್ ಅಂದರೆ ಪಾಲು, ಪೋರ್ಟ್ರೇಟ್ ಅಂದರೆ ಮನುಷ್ಯರ ಚಿತ್ರ. ಹೊರುವುದಕ್ಕೂ ಇವಕ್ಕೂ ಸಂಬಂಧವಿಲ್ಲ. ಹಾಗಾಗಿ ಅಕ್ಷರ ಹೊಂದಿತು ಅಂತ ಸುಮ್ನೆ ಪುಟಕ್ಕೆ ಸೇರಿಸಬೇಡಿ. ಮೊದಲು ಪೆನ್ಸಿಲ್‌ನಲ್ಲಿ ಬರೆಯಿರಿ, ಡಿಕ್ಷನರಿ ನೋಡಿ, ಅರ್ಥವೂ ಹೊಂದಿದ ಮೇಲೆ ಪೆನ್ನಿನಲ್ಲಿ ತಿದ್ದಿ.

ಸ್ಪೆಲ್ಲಿಂಗ್‌ಗೂ ಇದರಿಂದ ಲಾಭವಿದೆ. ಫೋನ್, ಫೋಟೋ, ಗ್ರಾಫ್ ಇವುಗಳಲ್ಲಿ ಎಫ್ ಬದಲು ಪಿ-ಎಚ್ ಬರುವುದು ಇವು ಗ್ರೀಕ್ ಮೂಲದವು ಎಂಬ ಕಾರಣಕ್ಕೆ. ಸ್ಕೂಲ್, ಕೆಮಿಸ್ಟ್ರಿ, ಎಕೋ ಪದಗಳಲ್ಲಿ ಸಿ-ಎಚ್ ಬರೆದು ಕ ಎಂದು ಓದುವುದಕ್ಕೂ ಅದೇ ಕಾರಣ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿದ ಮಗುವಿಗೆ ಎಕೋ ಪದದ ಅರ್ಥ ಹೇಳಿಕೊಡಬೇಕಾಗಿಲ್ಲ, ಸ್ಪೆಲ್ಲಿಂಗ್ ಒಂದು ಹೇಳಿದರೆ ಸಾಕು.

ವಾರಕ್ಕೆ ಎರಡು ಪುಟಕ್ಕಿಂತ ಜಾಸ್ತಿ ತೆರೆಯಬೇಡಿ. ಭಾನುವಾರ ಹಳೆಯ ಪುಟ ತೆಗೆದು ಇಂಗ್ಲಿಷ್ ಪದದ ಮೇಲೆ ಕೈ ಮುಚ್ಚಿ, ಕನ್ನಡ ಅರ್ಥ ನೋಡಿ ಪದ ಕಟ್ಟಲು ಹೇಳಿ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಹೋಗುವುದು ಸಲೀಸು. ಕನ್ನಡದಿಂದ ಇಂಗ್ಲಿಷ್ ಕಟ್ಟುವಾಗಲೇ ಪದ ಕೈವಶವಾಗುವುದು.

ಪ್ರತಿ ಪುಟದ ಕೆಳಗೆ ಏಳೆಂಟು ಸಾಲು ಖಾಲಿ ಬಿಡಿ. ಮೊನ್ನೆ ಜ್ವರ ಬಂದು ನಮ್ಮ ಹುಡುಗಿ ದವಾಖಾನೆಗೆ ಹೋಗಿದ್ದಳು. ಮನೆಗೆ ಬಂದವಳೇ ಸ್ಕೋಪ್ ಪುಟ ತೆಗೆದು ಸ್ಟೆತಸ್ಕೋಪ್ ಎಂದು ಪೆನ್ಸಿಲ್‌ನಲ್ಲಿ ಬರೆದಳು. ಆಮೇಲೆ ಡಿಕ್ಷನರಿ ಹುಡುಕಿ ಅದರ ಮುಂದೆ ಪೆನ್ನಿನಲ್ಲಿ ಸೇರಿಸಿದಳು: ಸ್ಟೆತ, ಎದೆ.